ಪದ ಪರಿಚಯ: ನ್ಯಾಯಪೀಠದ ತೆರವು

‘ತೆರವು’ ಹಳೆಯ ಕನ್ನಡ ಮಾತು. ವಚನಗಳ ‘ತೆರಹು’, ಆಡುನುಡಿಯ ‘ತೆರಪು’ ಅದೇ ಬಳಗಕ್ಕೆ ಸೇರಿದವು; ಎಡೆ, ಅವಕಾಶ, ಬಿಡುವು ಎಂಬ ಅರ್ಥಗಳು ಅವುಗಳಲ್ಲಿ ಬೆರೆತಿವೆ. ಕಾಸರಗೋಡಿನ ನಾವು ಸರಕಾರಿ ಕಾಗದಗಳಲ್ಲಿ ದಿನವೂ ಕಾಣುವ ಮಲಯಾಳದ ‘ಒಳಿವು’ ಎಂಬ ಪದಕ್ಕೂ ಖಾಲಿ ಹುದ್ದೆ ಮತ್ತು ಬಿಡುವು ಎಂಬ ಎರಡರ್ಥಗಳಿವೆ. ನ್ಯಾಯಮೂರ್ತಿಯೊಬ್ಬರು ನಿವೃತ್ತರಾದಾಗ, ರಾಜೀನಾಮೆ ನೀಡಿದಾಗ ಅಥವಾ ತೀರಿಕೊಂಡಾಗ ಉಳಿಯುವ ಖಾಲಿ ಸ್ಥಾನವನ್ನು ನ್ಯಾಯಪೀಠದ ತೆರವು ಎನ್ನುತ್ತೇವೆ. ಆ ತೆರವಿನಿಂದ ಜನ ಮತಗಟ್ಟೆಗೆ ಬರುವುದು ಹೆಚ್ಚುತ್ತದೆಯೇ ಎಂಬ ಚರ್ಚೆ ಅಮೆರಿಕದ ಚುನಾವಣೆಗಳ ಕಾಲದಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಅಮೆರಿಕದ ಪತ್ರಿಕೆಗಳು ‘ಹೈಕೋರ್ಟ್’ ಎಂದು ಬರೆಯುವಾಗ ಬಹುಮಟ್ಟಿಗೆ ತಮ್ಮ ಸುಪ್ರೀಂ ಕೋರ್ಟನ್ನೇ ಸೂಚಿಸುತ್ತವೆ. ನಮಗೆ ಹೈಕೋರ್ಟ್ ಎಂದರೆ ರಾಜ್ಯದ ಉಚ್ಚ ನ್ಯಾಯಾಲಯ. ಕಾಸರಗೋಡಿನವರಿಗೆ 1956ರ ನವೆಂಬರ್ 1ರಿಂದ ಅದು ಎರ್ನಾಕುಳಂನಲ್ಲಿರುವ ಕೇರಳ ಹೈಕೋರ್ಟ್, ಅದಕ್ಕೂ ಮೊದಲು ಮದರಾಸಿನದು. ಈ ವ್ಯತ್ಯಾಸವನ್ನು ಗಮನಿಸದೆ ಅಲ್ಲಿನ ಸುದ್ದಿಯನ್ನು ಕನ್ನಡಕ್ಕೆ ತಂದರೆ ಅರ್ಥವೇ ಬೇರೆಯಾಗುತ್ತದೆ.

ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳಿದ್ದಾರೆ, ಅವರಿಗೆ ನಿವೃತ್ತಿಯ ವಯಸ್ಸು ಎಂಬುದಿಲ್ಲ. ಸ್ಥಾನ ತೆರವಾದಾಗ ಅಧ್ಯಕ್ಷರು ಹೆಸರು ಸೂಚಿಸುತ್ತಾರೆ, ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಪ್ಪಿಗೆ ನೀಡುತ್ತದೆ. ಅಧ್ಯಕ್ಷರೂ ಸೆನೆಟರುಗಳೂ ಜನರ ಮತದಿಂದ ಬರುವವರಾದ್ದರಿಂದ ಮತಪತ್ರದಿಂದ ಆ ಕುರ್ಚಿಯವರೆಗೆ ಕಣ್ಣಿಗೆ ಕಾಣುವ ದಾರಿಯಿದೆ. 2016ರ ಫೆಬ್ರವರಿ 13ರಂದು ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ನಿಧನರಾದರು. ಆಗಿನ ಅಧ್ಯಕ್ಷ ಒಬಾಮಾ ಅವರು ಮೆರಿಕ್ ಗಾರ್ಲಂಡ್ ಅವರ ಹೆಸರನ್ನು ಸೂಚಿಸಿದರೂ ಎದುರು ಪಕ್ಷವಾದ ರಿಪಬ್ಲಿಕನ್ನರ ಬಹುಮತದ ಸೆನೆಟ್ ಅದನ್ನು ವಿಚಾರಣೆಗೇ ಎತ್ತಿಕೊಳ್ಳಲಿಲ್ಲ, ಚುನಾವಣೆಯಲ್ಲಿ ಜನರೇ ತೀರ್ಮಾನಿಸಲಿ ಎಂದು ವಾದಿಸಿತು. ರಿಪಬ್ಲಿಕನ್ ಅಭ್ಯರ್ಥಿ ಟ್ರಂಪ್ ಅವರು ತಾವು ಗೆದ್ದರೆ ಯಾರನ್ನು ಆರಿಸಿಕೊಳ್ಳಬಹುದು ಎಂಬ ಪಟ್ಟಿಯನ್ನೇ ಮತದಾರರ ಮುಂದಿಟ್ಟರು. ಕೊನೆಗೆ ಆ ಸ್ಥಾನಕ್ಕೆ ನೀಲ್ ಗೋರ್ಸಚ್ ಬಂದದ್ದು 2017ರ ಏಪ್ರಿಲ್‌ನಲ್ಲಿ.

ಆ ವರ್ಷದ ಮತಗಟ್ಟೆ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 21 ಮಂದಿ, ನ್ಯಾಯಮೂರ್ತಿಗಳ ನೇಮಕವೇ ತಮ್ಮ ಮತಕ್ಕೆ ಅತಿ ಮುಖ್ಯ ಕಾರಣ ಎಂದಿದ್ದರು. ಈ ಅಂಕಿಯನ್ನು ಹಿಡಿದು ತೆರವು ಮತದಾನವನ್ನು ಹೆಚ್ಚಿಸಿತು ಎಂದು ಬರೆಯುವವರಿದ್ದಾರೆ. ಅದು ಅವಸರದ ತೀರ್ಮಾನ ಎಂಬುದು ನನ್ನ ಅಭಿಪ್ರಾಯ. ಮತ ಹಾಕಿ ಹೊರಬಂದವರು ಕಾರಣ ಹೇಳಬಲ್ಲರು, ಆದರೆ ಆ ಕಾರಣವಿಲ್ಲದಿದ್ದರೆ ಅವರು ಮನೆಯಲ್ಲೇ ಉಳಿಯುತ್ತಿದ್ದರೇ ಎಂಬುದನ್ನು ಆ ಸಮೀಕ್ಷೆ ಕೇಳುವುದಿಲ್ಲ. 2018ರ ಮಧ್ಯಾವಧಿ ಚುನಾವಣೆಗೆ ಒಂದು ತಿಂಗಳ ಮೊದಲು ಸುಪ್ರೀಂ ಕೋರ್ಟಿಗೆ ಕ್ಯಾವನಾ ಅವರ ನೇಮಕದ ಕುರಿತು ದೊಡ್ಡ ಜಗಳವೇ ನಡೆದಿತ್ತು, ಮತದಾನವೂ 2014ರ ಸುಮಾರು 37 ಶೇಕಡಾದಿಂದ ಸುಮಾರು 50ಕ್ಕೆ ಏರಿತು; ಆದರೆ ಅಧ್ಯಕ್ಷರ ಪರ ವಿರೋಧದ ಬಿಸಿ ಆಗ ಎಲ್ಲೆಡೆಯೂ ಇತ್ತು. 2020ರಲ್ಲಿ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರಿಂದ ತೆರವಾದ ಸ್ಥಾನ ಚುನಾವಣೆಗೆ ಎಂಟು ದಿನ ಮೊದಲೇ ಭರ್ತಿಯಾಗಿತ್ತು, ಕೊರೊನಾ ಕಾಲದ ಅಂಚೆ ಮತದಾನವೂ ವಿಸ್ತಾರಗೊಂಡಿತ್ತು; ಹಾಗಾಗಿ ಆ ವರ್ಷದ ಮತದಾನವನ್ನೂ ತೆರವೊಂದರ ಲೆಕ್ಕಕ್ಕೆ ಹಾಕಲಾಗದು.

ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ವಿಸ್ಕಾನ್ಸಿನ್ ರಾಜ್ಯದ್ದು, ಏಕೆಂದರೆ ಅಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳನ್ನು ಜನರೇ ನೇರವಾಗಿ ಆರಿಸುತ್ತಾರೆ. 2019ರಲ್ಲಿ ನಿವೃತ್ತಿಯಿಂದ ತೆರವಾಗಲಿದ್ದ ಸ್ಥಾನಕ್ಕೆ ಚುನಾವಣೆ ನಡೆದಾಗ ಯಾರು ಗೆದ್ದರೂ ಪೀಠದಲ್ಲಿ ಉದಾರವಾದಿಗಳೋ ಸಂಪ್ರದಾಯವಾದಿಗಳೋ ಎಂಬ ಬಹುಮತ ಬದಲಾಗುವಂತಿರಲಿಲ್ಲ. ಸುಮಾರು 12 ಲಕ್ಷ ಮತಗಳು ಬಿದ್ದವು. 2023ರಲ್ಲಿ ತೆರವಾಗಲಿದ್ದ ಸ್ಥಾನ ಬಹುಮತವನ್ನೇ ನಿರ್ಣಯಿಸುವಂಥದ್ದಾಗಿತ್ತು. ಮತಗಳು 18 ಲಕ್ಷ ದಾಟಿದವು. 2025ರಲ್ಲಿ ಅದೇ ಸನ್ನಿವೇಶ ಮರುಕಳಿಸಿದಾಗ 23 ಲಕ್ಷ ಮೀರಿದವು. ಮೂರು ಸಲವೂ ಕುರ್ಚಿಯಲ್ಲಿದ್ದವರು ಸ್ಪರ್ಧಿಸದೆ ಅದು ತೆರವಾಗುವುದಿತ್ತು, ಆದ್ದರಿಂದ ಜನರನ್ನು ಎಬ್ಬಿಸಿದ್ದು ಬರಿಯ ತೆರವಲ್ಲ. ತನ್ನ ಮತ ಆ ಕುರ್ಚಿಯನ್ನು ತಲುಪುತ್ತದೆ, ತಲುಪಿದರೆ ಪೀಠದ ದಿಕ್ಕು ಬದಲಾಗುತ್ತದೆ ಎಂಬ ಅರಿವು.

ನಮ್ಮಲ್ಲಿ ಆ ದಾರಿಯಿಲ್ಲ. ಹೈಕೋರ್ಟಿನ ನ್ಯಾಯಮೂರ್ತಿಗಳ ಹೆಸರನ್ನು ಹಿರಿಯ ನ್ಯಾಯಮೂರ್ತಿಗಳ ಕೂಟವಾದ ಕೊಲಿಜಿಯಂ ಶಿಫಾರಸು ಮಾಡುತ್ತದೆ, ರಾಷ್ಟ್ರಪತಿಗಳು ನೇಮಿಸುತ್ತಾರೆ, 62ನೇ ವಯಸ್ಸಿಗೆ ಅವರು ನಿವೃತ್ತರಾಗುತ್ತಾರೆ. ಕೊಲಿಜಿಯಂ ಬದಲಿಗೆ ತಂದಿದ್ದ ನೇಮಕಾತಿ ಆಯೋಗವನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದುಪಡಿಸಿದ ಮೇಲೆ ಇದೇ ಕ್ರಮ ಮುಂದುವರಿದಿದೆ. ದೇಶದ ಹೈಕೋರ್ಟುಗಳ 1,100ಕ್ಕೂ ಹೆಚ್ಚು ಸ್ಥಾನಗಳಲ್ಲಿ ಕೆಲವು ವರ್ಷಗಳಿಂದ 300ರಷ್ಟು ಖಾಲಿ ಇರುತ್ತಿದ್ದರೂ ಅದನ್ನು ಮುಂದಿಟ್ಟು ಮತ ಕೇಳುವ ಅಭ್ಯರ್ಥಿ ಕುಂಬಳೆಯಲ್ಲಾಗಲಿ ಬದಿಯಡ್ಕದಲ್ಲಾಗಲಿ ನನಗೆ ಕಾಣಸಿಕ್ಕಿಲ್ಲ. ಮತಗಟ್ಟೆಯಿಂದ ನ್ಯಾಯಪೀಠಕ್ಕೆ ದಾರಿ ಇಲ್ಲದಿದ್ದರೂ ನ್ಯಾಯಪೀಠದಿಂದ ಮತಗಟ್ಟೆಗೆ ಮಾತ್ರ ಇದೆ, ಮತ್ತು ಮಂಜೇಶ್ವರದವರು ಅದನ್ನು ಕಂಡಿದ್ದಾರೆ.

2016ರ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದಿಂದ ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಝಾಕ್ ಅವರು ಬಿಜೆಪಿಯ ಕೆ. ಸುರೇಂದ್ರನ್ ಅವರೆದುರು 89 ಮತಗಳಿಂದ ಗೆದ್ದರು. ಶಾಲೆಯ ಜಗಲಿಯಲ್ಲಿ ಬೆಳಗ್ಗೆ ಏಳಕ್ಕೆ ನಿಲ್ಲುವ ಒಂದು ಸರತಿಯಲ್ಲೇ ಅಷ್ಟು ಜನ ಇರುತ್ತಾರೆ. ಊರಲ್ಲಿಲ್ಲದವರ, ತೀರಿಕೊಂಡವರ ಹೆಸರಿನಲ್ಲೂ ಮತ ಬಿದ್ದಿದೆ ಎಂಬ ಆರೋಪದೊಂದಿಗೆ ಚುನಾವಣಾ ತಕರಾರು ಅರ್ಜಿ ಹೈಕೋರ್ಟಿಗೆ ಹೋಯಿತು. ಇಂಥ ಅರ್ಜಿಯನ್ನು ಆರು ತಿಂಗಳೊಳಗೆ ಮುಗಿಸಲು ಯತ್ನಿಸಬೇಕೆಂದು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಹೇಳುತ್ತದೆ. 2018ರ ಅಕ್ಟೋಬರಿನಲ್ಲಿ ಶಾಸಕರು ನಿಧನರಾದಾಗಲೂ ಅರ್ಜಿ ಬಾಕಿಯಿತ್ತು. ಅದು ಬಾಕಿಯಿದ್ದುದರಿಂದ ಉಪಚುನಾವಣೆಯೂ ತಡವಾಯಿತು. 2019ರಲ್ಲಿ ಅರ್ಜಿಯನ್ನು ಹಿಂದೆಗೆದುಕೊಂಡ ಮೇಲೆ ಆ ವರ್ಷದ ಅಕ್ಟೋಬರ್ 21ರಂದು ಮತದಾನ ನಡೆಯಿತು. ಈ ವಿಳಂಬವನ್ನೆಲ್ಲ ನ್ಯಾಯಮೂರ್ತಿಗಳ ಕೊರತೆಯ ಮೇಲೆ ಹೊರಿಸುವುದು ನ್ಯಾಯವಲ್ಲ, ಸಾಕ್ಷಿಗಳನ್ನು ಒಬ್ಬೊಬ್ಬರಾಗಿ ಕರೆಸುವುದೇ ದೀರ್ಘ ಕೆಲಸ. ಆದರೆ ಪೀಠದಲ್ಲಿ ಕುರ್ಚಿಗಳು ಖಾಲಿಯಿದ್ದಷ್ಟೂ ಇಂಥ ಅರ್ಜಿಗಳಿಗೆ ಸಿಗುವ ಸಮಯ ಕಡಿಮೆಯಾಗುತ್ತದೆ ಎಂಬುದರಲ್ಲಿ ಅನುಮಾನವಿಲ್ಲ.

ಆ ಉಪಚುನಾವಣೆಯ ದಿನ ಸರತಿಯಲ್ಲಿ ನನ್ನ ಮುಂದೆ ನಿಂತಿದ್ದ ಅಜ್ಜಿಯೊಬ್ಬರು ಮತದಾರರ ಚೀಟಿಯನ್ನು ಎರಡಾಗಿ ಮಡಚಿ ಹಿಡಿದುಕೊಂಡು, “ಹಿಂದಿನ ಸಲದ ಕೇಸು ಏನಾಯಿತು ಮಗಾ?” ಎಂದು ಕೇಳಿದ್ದರು. ಹಿಂದೆ ತೆಗೆದುಕೊಂಡರಂತೆ ಅಜ್ಜಿ, ತೀರ್ಪು ಬರಲಿಲ್ಲ ಎಂದೆ. “ಹಾಗಾದರೆ ಅಂದು ಸರಿಯೋ ತಪ್ಪೋ ಎಂದು ಯಾರೂ ಹೇಳಲೇ ಇಲ್ಲ” ಎಂದವರು ಮತ ಹಾಕಿಯೇ ಹೋದರು. ಅದೇ ಪ್ರಶ್ನೆ ಮನಸ್ಸಿಗೆ ಬಂದು ಮನೆಯಲ್ಲೇ ಉಳಿದವರು ಎಷ್ಟು ಮಂದಿಯೋ, ಅವರು ಯಾವ ಸಮೀಕ್ಷೆಯ ಲೆಕ್ಕಕ್ಕೂ ಸಿಗುವುದಿಲ್ಲ. ಶಾಸಕರ ಸ್ಥಾನ ತೆರವಾದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಉಪಚುನಾವಣೆ ನಡೆಯಬೇಕೆಂದು ಕಾಯ್ದೆಯೇ ವಿಧಿಸಿದೆ. ಆ ಚುನಾವಣೆಯ ತಕರಾರನ್ನು ತೀರಿಸಬೇಕಾದ ನ್ಯಾಯಮೂರ್ತಿಯ ಸ್ಥಾನವನ್ನು ಇಷ್ಟು ದಿನಗಳೊಳಗೆ ತುಂಬಲೇಬೇಕು ಎಂಬ ಗಡುವು ಸಂವಿಧಾನದಲ್ಲಿಲ್ಲ.