ಅಲೆಗೇನಿ ಕೌಂಟಿ ಕೋರ್ಟು: ಕಟ್ಟಡ ಏರಲಿಲ್ಲ, ರಸ್ತೆ ಇಳಿಯಿತು

ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿರುವ ಈ ಕೋರ್ಟಿನ ಇಸವಿಗಳು ಸುಲಭ. ಹಳೆಯ ಕೋರ್ಟು 1882ರಲ್ಲಿ ಸುಟ್ಟುಹೋಯಿತು. ಹೊಸದಕ್ಕೆ ನಡೆದ ಸ್ಪರ್ಧೆಯಲ್ಲಿ ವಾಸ್ತುಶಿಲ್ಪಿ ಹೆನ್ರಿ ಹಾಬ್ಸನ್ ರಿಚರ್ಡ್‌ಸನ್ ಅವರ ನಕ್ಷೆ ಗೆದ್ದಿತು. ಕೋರ್ಟಿನ ಹಿಂಬದಿಯ ಜೈಲೂ ಅವರದೇ ನಕ್ಷೆ; ಅದು 1886ರಲ್ಲಿ ಮುಗಿಯಿತು, ಕೋರ್ಟು 1888ರಲ್ಲಿ. ಮುಗಿದ ಕೋರ್ಟನ್ನು ನೋಡಲು ರಿಚರ್ಡ್‌ಸನ್ ಉಳಿಯಲಿಲ್ಲ. 1886ರ ಏಪ್ರಿಲ್‌ನಲ್ಲಿ, 47ನೇ ವಯಸ್ಸಿಗೇ ತೀರಿಕೊಂಡರು. ಶೈಲಿ ರೋಮನೆಸ್ಕ್, ಅಂದರೆ ಒರಟು ಕಲ್ಲಿನ ದಪ್ಪ ಗೋಡೆ, ಅರ್ಧವೃತ್ತದ ಕಮಾನು.

ನನಗೆ ಅರ್ಥವಾಗದೆ ಉಳಿದದ್ದು ಬಾಗಿಲು. ಹಳೆಯ ಚಿತ್ರದಲ್ಲಿ ದೊಡ್ಡ ಕಮಾನುಗಳ ಮೂಲಕ ನೇರವಾಗಿ ಒಳಗೆ ಹೋಗಬಹುದು. ಈಗಿನ ಫೋಟೋದಲ್ಲಿ ಅದೇ ಕಮಾನುಗಳು ಒಂದು ಮಹಡಿ ಎತ್ತರದಲ್ಲಿವೆ, ಬಾಗಿಲುಗಳು ಅವುಗಳ ಕೆಳಗಿವೆ. ಇದು ಕಟ್ಟಡದ ಇನ್ನೊಂದು ಮಗ್ಗುಲು ಅಂದುಕೊಂಡು ಒಂದು ಸಂಜೆಯೆಲ್ಲ ಎರಡೂ ಚಿತ್ರ ಪಕ್ಕಪಕ್ಕ ಇಟ್ಟುಕೊಂಡು ನೋಡಿದೆ. ಆದರೆ ಗೋಪುರ ಅದೇ, ಕಿಟಕಿಗಳ ಸಾಲೂ ಅದೇ. ಹಾಗಾದರೆ ಬದಲಾದದ್ದು ಏನು?

ನೆಲ. ಕೋರ್ಟು ನಿಂತಿರುವುದು ಗ್ರ್ಯಾಂಟ್ಸ್ ಹಿಲ್ ಎಂಬ ದಿಬ್ಬದ ಮೇಲೆ. ಆ ಏರು ಪೇಟೆಯ ಓಡಾಟಕ್ಕೆ ಅಡ್ಡಿ ಅಂತ 1912-13ರಲ್ಲಿ ಊರವರು ದಿಬ್ಬವನ್ನೇ ಕಡಿದು ಗ್ರ್ಯಾಂಟ್ ಸ್ಟ್ರೀಟನ್ನು ತಗ್ಗಿಸಿದರು. ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಏರಿ, ಮನೆಯ ಹೊಸ್ತಿಲು ತಗ್ಗಿಗೆ ಬೀಳುವುದನ್ನು ನಾವು ನೋಡಿದ್ದೇವೆ, ಅಲ್ವಾ? ಇಲ್ಲಿ ಅದು ತಿರುಗುಮುರುಗು. ಕಟ್ಟಡ ಇದ್ದಲ್ಲೇ ಇತ್ತು, ರಸ್ತೆ ಕೆಳಗಿಳಿಯಿತು, ಮಣ್ಣಿನಲ್ಲಿ ಹುದುಗಿದ್ದ ನೆಲಮಾಳಿಗೆಯ ಗೋಡೆ ಹೊರಗೆ ಬಂತು. ಹಳೆಯ ಬಾಗಿಲಿಗೆ ಹತ್ತಲು ಹೊರಗಡೆ ಮೆಟ್ಟಿಲು ಕಟ್ಟಿದರು. 1920ರ ದಶಕದಲ್ಲಿ ರಸ್ತೆ ಅಗಲ ಮಾಡುವಾಗ ಅದನ್ನೂ ತೆಗೆದರು. ಈಗ ಜನ ಒಳಗೆ ಹೋಗುವುದು ಆಗಿನ ನೆಲಮಾಳಿಗೆಯ ಮೂಲಕ.

ನಾನು ಕಂಡುಕೊಂಡ ಉಪಾಯ ಇದು: ಈಗಿನ ಫೋಟೋ ತೆಗೆದುಕೊಂಡು ಕೆಳಗಿನ ಸಾಲನ್ನು ಬೆರಳಿನಿಂದ ಮುಚ್ಚಿ. ಉಳಿದದ್ದೇ ರಿಚರ್ಡ್‌ಸನ್ ಬರೆದ ಮುಖ. ಕಮಾನುಗಳು ಮತ್ತೆ ನೆಲಕ್ಕೆ ಬರುತ್ತವೆ, ಅಳತೆ ಸರಿಹೋಗುತ್ತದೆ. ಇದನ್ನು ಮಾಡಿ ನೋಡದೆ ಶೈಲಿಯ ಬಗ್ಗೆ ಎಷ್ಟು ಓದಿದರೂ ಸುಮ್ನೆ.

ಒಳಗಿನ ಯೋಜನೆ ಸರಳ. ನಡುವೆ ತೆರೆದ ಅಂಗಳ, ಸುತ್ತ ಕೋಣೆಗಳು. ಅದರಿಂದ ಎರಡೂ ಕಡೆಯಿಂದ ಬೆಳಕು. 249 ಅಡಿಯ ಗೋಪುರ ಬರೀ ಅಂದಕ್ಕಲ್ಲ. ಪಿಟ್ಸ್‌ಬರ್ಗ್ ಆಗ ಹೊಗೆಯ ಊರು, ಹಾಗಾಗಿ ಗಾಳಿಯನ್ನು ಅಷ್ಟು ಮೇಲಿನಿಂದ ಎಳೆದುಕೊಂಡು ಕಟ್ಟಡಕ್ಕೆ ಕೊಡುತ್ತಿದ್ದರು. ನನಗೆ ಇಡೀ ಕಟ್ಟಡದಲ್ಲಿ ಜಾಸ್ತಿ ಇಷ್ಟವಾದದ್ದು ಈ ಜಾಣತನವೇ.

ಕೊನೆಗೆ ಸೇತುವೆ. ಕೋರ್ಟಿಗೂ ಜೈಲಿಗೂ ನಡುವೆ ರಾಸ್ ಸ್ಟ್ರೀಟ್ ಇದೆ. ಅದರ ಮೇಲೆ, ವೆನಿಸ್‌ನ ನಿಟ್ಟುಸಿರಿನ ಸೇತುವೆಯ ಹಾಗೆ, ಮುಚ್ಚಿದ ಕಲ್ಲಿನ ಸೇತುವೆ ಕಟ್ಟಿದ್ದಾರೆ. ಕೈದಿಗಳು ರಸ್ತೆಗೆ ಕಾಲಿಡದೆ ವಿಚಾರಣೆಗೆ ಬಂದು ಹೋಗುತ್ತಿದ್ದರು. ಜೈಲು 1995ರಲ್ಲಿ ಖಾಲಿಯಾಯಿತು. ಆಮೇಲೆ ಅಲ್ಲಿಗೆ ಕುಟುಂಬ ನ್ಯಾಯಾಲಯ ಬಂತು.