ಮದುವೆ ನಿಶ್ಚಯವಾದಾಗಲೇ ಬನ್ನಿ

ಪುಣೆಯಲ್ಲಿ ತಾಯಿ-ಮಕ್ಕಳ ಪೌಷ್ಟಿಕತೆಯ ಸಂಶೋಧಕಿಯಾಗಿ ದುಡಿಯುತ್ತಿರುವ ನನ್ನ ಬಳಿಗೆ ಕನ್ನಡದ ಕುಟುಂಬಗಳು ಬರುವುದು ಬಹುಮಟ್ಟಿಗೆ ಏಳನೇ ತಿಂಗಳಲ್ಲಿ. ವಿಜಯಪುರ, ಕಲಬುರಗಿ, ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದು ಇಲ್ಲೇ ನೆಲೆಸಿದವರಿರಲಿ, ಎರಡು ತಲೆಮಾರಿನಿಂದ ಹೋಟೆಲು ನಡೆಸುತ್ತಿರುವ ಉಡುಪಿ ಕಡೆಯವರಿರಲಿ, ಹಿಂಜೆವಾಡಿಯ ಕಂಪನಿಗಳ ಉದ್ಯೋಗಿಗಳಿರಲಿ, ಇದರಲ್ಲಿ ವ್ಯತ್ಯಾಸವಿಲ್ಲ. ಸ್ಕ್ಯಾನಿಂಗ್ ವರದಿಯಲ್ಲಿ ಕೂಸಿನ ಬೆಳವಣಿಗೆ ಸಾಲದು ಎಂದಿರುತ್ತದೆ, ಇಲ್ಲವೇ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕೆಳಗಿಳಿದಿರುತ್ತದೆ. ಆಗ ಎಲ್ಲರದೂ ಒಂದೇ ಪ್ರಶ್ನೆ: ಈಗ ಏನು ತಿನ್ನಿಸಬೇಕು? ಆ ಪ್ರಶ್ನೆಯನ್ನು ಒಂದು ವರ್ಷ ಮೊದಲೇ ಕೇಳಬೇಕಿತ್ತು ಎಂದರೆ ಅವರಿಗೆ ಅದು ವಿಚಿತ್ರವಾಗಿ ಕೇಳಿಸುತ್ತದೆ. ಬಸುರಿಯೇ ಆಗದವಳಿಗೆ ಬಸುರಿಯ ಆರೈಕೆ ಏಕೆ ಎಂದು ಕೇಳುತ್ತಾರೆ.

ಅದಕ್ಕೆ ಕಾರಣವನ್ನು ನಿಧಾನವಾಗಿಯೇ ಹೇಳಬೇಕು. ಕೂಸಿನ ಮಿದುಳು ಮತ್ತು ಬೆನ್ನುಹುರಿ ರೂಪುಗೊಳ್ಳುವ ನಾಳವು ಗರ್ಭ ಕಟ್ಟಿದ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಆ ಹೊತ್ತಿಗೆ ಮುಟ್ಟು ತಪ್ಪಿ ಎರಡು ವಾರಗಳಷ್ಟೇ ಆಗಿರುತ್ತವೆ. ಎಷ್ಟೋ ಮನೆಗಳಲ್ಲಿ ವಿಷಯ ಇನ್ನೂ ಗಂಡನಿಗೂ ತಿಳಿದಿರುವುದಿಲ್ಲ. ಆ ನಾಳ ಸರಿಯಾಗಿ ಮುಚ್ಚಲು ಬೇಕಾದ ಫೋಲಿಕ್ ಆಮ್ಲ ತಾಯಿಯ ರಕ್ತದಲ್ಲಿ ಅಷ್ಟರೊಳಗೇ ಇರಬೇಕು. ಮಗು ಬೇಕೆಂದು ನಿರ್ಧರಿಸಿದ ದಿನದಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ತೆಗೆದುಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕಾಗಿಯೇ. ಕಬ್ಬಿಣಾಂಶದ ಲೆಕ್ಕವೂ ಹೀಗೆಯೇ ಇದೆ. ಒಂದು ಬಸುರಿಗೆ ಒಟ್ಟು ಸುಮಾರು 1 ಗ್ರಾಂ ಕಬ್ಬಿಣ ಬೇಕಾಗುತ್ತದೆ. ಹದಿಹರೆಯದಿಂದಲೇ ರಕ್ತಹೀನತೆಯಲ್ಲಿರುವ ಹುಡುಗಿಯ ದೇಹದಲ್ಲಿ ಅದಕ್ಕೆ ತಕ್ಕ ಸಂಗ್ರಹ ಇರುವುದಿಲ್ಲ. ಕೊನೆಯ ಎರಡು ತಿಂಗಳಲ್ಲಿ ಖರ್ಜೂರ, ಬೀಟ್‌ರೂಟ್ ತಿಂದು ಅದನ್ನು ತುಂಬಿಸಿಕೊಳ್ಳಲು ಆಗುವುದಿಲ್ಲ.

ಮುಂಬಯಿಯ ಕೊಳೆಗೇರಿಗಳಲ್ಲಿ 2006ರಲ್ಲಿ ಆರಂಭವಾದ ‘ಸರಸ್’ ಎಂಬ ಅಧ್ಯಯನ ಈ ಮಾತನ್ನು ಪರೀಕ್ಷೆಗೇ ಒಡ್ಡಿತು. ಇನ್ನೂ ಬಸುರಿಯಾಗದ ಹೆಂಗಸರಿಗೆ ದಿನನಿತ್ಯದ ಊಟದ ಜೊತೆಗೆ ಸೊಪ್ಪು, ಹಣ್ಣು ಮತ್ತು ಹಾಲು ಸೇರಿಸಿ ಮಾಡಿದ ಒಂದು ತಿಂಡಿಯನ್ನು ಕೊಟ್ಟು, ಅದನ್ನು ಹೆರಿಗೆಯವರೆಗೂ ಮುಂದುವರಿಸಿದರು. ಹೋಲಿಕೆಗಾಗಿ ಇನ್ನೊಂದು ಗುಂಪಿಗೆ ಆಲೂಗಡ್ಡೆ, ಈರುಳ್ಳಿಯಂಥ ತರಕಾರಿಗಳ ತಿಂಡಿ ಕೊಟ್ಟರು. ಎಲ್ಲರನ್ನೂ ಸೇರಿಸಿ ನೋಡಿದಾಗ ಕೂಸುಗಳ ತೂಕದಲ್ಲಿ ಕಂಡ ವ್ಯತ್ಯಾಸ 26 ಗ್ರಾಂ ಮಾತ್ರ. ಅದನ್ನು ಖಚಿತ ಪರಿಣಾಮವೆಂದು ಹೇಳುವಂತಿರಲಿಲ್ಲ. ಗರ್ಭ ಕಟ್ಟುವುದಕ್ಕೆ ಕನಿಷ್ಠ ಮೂರು ತಿಂಗಳು ಮೊದಲೇ ತಿನ್ನಲು ಆರಂಭಿಸಿದವರಲ್ಲಿ ಅದು 48 ಗ್ರಾಂ ಆಗಿತ್ತು. ಬಸುರಿನ ಸಕ್ಕರೆ ಕಾಯಿಲೆಯೂ ಈ ತಿಂಡಿ ತಿಂದವರಲ್ಲಿ ಕಡಿಮೆ ಕಂಡಿತು. ಆದರೆ ತೀರಾ ತೆಳ್ಳಗಿದ್ದ ತಾಯಂದಿರ ಕೂಸುಗಳ ತೂಕ ಹೆಚ್ಚಲಿಲ್ಲ, ಮತ್ತು ನನ್ನನ್ನು ಹೆಚ್ಚು ಕಾಡಿದ್ದು ಈ ಅಂಶ. ಅಂಥವಳ ದೇಹ ಸಿಕ್ಕಿದ್ದನ್ನು ಮೊದಲು ತನ್ನ ಕೊರತೆಗೇ ಬಳಸಿಕೊಳ್ಳುತ್ತದೆಯೋ ಏನೋ; ಹಾಗಿದ್ದರೆ ಅವಳಿಗೆ ಮೂರು ತಿಂಗಳೂ ಸಾಲದು.

ಕಳೆದ ಮಳೆಗಾಲದಲ್ಲಿ ಇಂಡಿ ಕಡೆಯ ಅತ್ತೆಯೊಬ್ಬರು ಸೊಸೆಯ ಕುಬಸ (ಸೀಮಂತ) ಮುಗಿಸಿಕೊಂಡು ಅವಳನ್ನು ಕರೆತಂದಿದ್ದರು. ಮೇಜಿನ ಮೇಲೆ ಸ್ಟೀಲ್ ಡಬ್ಬಿ ಇಟ್ಟು ಮುಚ್ಚಳ ತೆಗೆದರು: ಅಂಟಿನ ಉಂಡಿ, ಶೇಂಗಾದ ಉಂಡಿ, ಅದರ ಮೇಲೊಂದು ಹಿಡಿ ಉತ್ತತ್ತಿ. “ಅಕ್ಕಾರ, ದಿನಾ ಎರಡು ತಿನಸಾಕತ್ತೀನ್ರಿ, ತೂಕ ಯಾಕ ಏರವಲ್ದು?” ಎಂದು ಕೇಳಿದರು. ಮದುವೆಯಾದ ಮೇಲಿನ ಎರಡು ವರ್ಷ ಏನು ಉಣ್ಣುತ್ತಿದ್ದೆ ಎಂದು ನಾನು ಸೊಸೆಯನ್ನು ಕೇಳಿದೆ. ಬೆಳಿಗ್ಗೆ ಚಹಾ, ಖಾರಿ. ಮಧ್ಯಾಹ್ನ ಕೆಲಸದ ಜಾಗದಲ್ಲಿ ವಡಾಪಾವ್. ರಾತ್ರಿ ಎಲ್ಲರದೂ ಆದ ಮೇಲೆ ಉಳಿದ ರೊಟ್ಟಿ, ಪಲ್ಯ ಉಳಿದಿದ್ದರೆ ಪಲ್ಯ, ಇಲ್ಲದಿದ್ದರೆ ಖಾರ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುತ್ತಿದ್ದ ನೀಲಿ ಕಬ್ಬಿಣದ ಮಾತ್ರೆಯೂ ಶಾಲೆಯೊಂದಿಗೇ ನಿಂತುಹೋಗಿತ್ತು. ಆ ಅತ್ತೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ತುಪ್ಪಕ್ಕೆಂದು ಕೂಲಿಯ ದುಡ್ಡು ಉಳಿಸಿದವರು ಅವರು, ಮತ್ತು ಅವರ ಬಸುರಿನಲ್ಲಿ ಅವರನ್ನು ಹೀಗೆ ವಿಚಾರಿಸಿದವರು ಯಾರೂ ಇದ್ದಿರಲಾರರು.

ತಡವಾಗಿ ತಿಂದದ್ದು ವ್ಯರ್ಥ ಎಂದು ಯಾರೂ ತಿಳಿಯಬಾರದು. ಪುಣೆಯ ಸುತ್ತಲಿನ ಆರು ಹಳ್ಳಿಗಳಲ್ಲಿ 1993ರಲ್ಲಿ ಆರಂಭವಾದ, ಡಾ. ಚಿತ್ತರಂಜನ್ ಯಾಜ್ಞಿಕ್ ಮುನ್ನಡೆಸಿದ ಅಧ್ಯಯನದಲ್ಲಿ, ಬಸುರಿನಲ್ಲಿ ಸೊಪ್ಪು, ಹಣ್ಣು, ಹಾಲನ್ನು ಹೆಚ್ಚು ಸಲ ಸೇವಿಸಿದ ತಾಯಂದಿರ ಕೂಸುಗಳು ಹೆಚ್ಚು ದೊಡ್ಡದಾಗಿದ್ದವು. ಕೂಸಿನ ಬೆಳವಣಿಗೆ ಕುಂಠಿತವಾಗಲು ರಕ್ತದೊತ್ತಡ, ಮಾಸಿನ ತೊಂದರೆ ಮೊದಲಾದ ಬೇರೆ ಕಾರಣಗಳೂ ಇರುತ್ತವೆ. ಅವನ್ನು ನಿರ್ಣಯಿಸಬೇಕಾದವರು ಪ್ರಸೂತಿ ವೈದ್ಯರು. ಆದ್ದರಿಂದ ನನ್ನ ಮಾತನ್ನು ಹಿಡಿದುಕೊಂಡು ಮಾತ್ರೆಯನ್ನಾಗಲಿ ತಪಾಸಣೆಯನ್ನಾಗಲಿ ಬಿಡಬಾರದು.

ಮದುವೆ ನಿಶ್ಚಯವಾದಾಗಲೇ ಹುಡುಗಿಯ ತೂಕ ಮತ್ತು ಹಿಮೋಗ್ಲೋಬಿನ್ ನೋಡಿಸಿ. ಬಸುರಿಯಲ್ಲದ ಹೆಂಗಸರಿಗೂ ವಾರಕ್ಕೊಂದು ಕಬ್ಬಿಣದ ಮಾತ್ರೆ ಸರ್ಕಾರಿ ಕಾರ್ಯಕ್ರಮದಲ್ಲಿ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಆದರೆ ಆ ಮಾತ್ರೆಯನ್ನು ಚಹಾದೊಂದಿಗೆ ನುಂಗಬೇಡಿ. ಸಸ್ಯಾಹಾರದ ಮನೆಗಳಲ್ಲಿ ವಿಟಮಿನ್ ಬಿ12 ಕೊರತೆಯನ್ನೂ ಪರೀಕ್ಷಿಸುವುದು ಒಳ್ಳೆಯದು, ಏಕೆಂದರೆ ಪುಣೆಯ ಅದೇ ಅಧ್ಯಯನದಲ್ಲಿ ಬಿ12 ಕಡಿಮೆ, ಫೋಲೇಟ್ (ಫೋಲಿಕ್ ಆಮ್ಲದ ಅಂಶ) ಹೆಚ್ಚು ಇದ್ದ ತಾಯಂದಿರ ಮಕ್ಕಳಲ್ಲಿ ಆರನೇ ವಯಸ್ಸಿಗೇ ಇನ್ಸುಲಿನ್ ಪ್ರತಿರೋಧ, ಅಂದರೆ ಮುಂದೆ ಸಕ್ಕರೆ ಕಾಯಿಲೆಗೆ ದಾರಿಯಾಗಬಲ್ಲ ಸ್ಥಿತಿ, ಹೆಚ್ಚು ಕಂಡುಬಂದಿತ್ತು. ಪುಂಡಿ, ಮೆಂತ್ಯ, ರಾಜಗಿರಿ ಈ ಊರಿನ ಸಂತೆಯಲ್ಲೂ ಸಿಗುತ್ತವೆ. ಮಾಡಿದ ಪಲ್ಯದಲ್ಲಿ ಸೊಸೆಯ ಪಾಲನ್ನು ಬಡಿಸುವ ಮೊದಲೇ ತೆಗೆದಿಡಿ.

ಎರಡನೆಯ ಕೂಸಿಗೂ ಇದೇ ಅನ್ವಯಿಸುತ್ತದೆ. ಬಾಣಂತನ ಮುಗಿಯುತ್ತಿದ್ದಂತೆ ಉಂಡಿ ನಿಲ್ಲುತ್ತದೆ, ಹಾಲುಣಿಸುವವಳು ಮತ್ತೆ ಎಲ್ಲರ ಕೊನೆಗೆ ಉಣ್ಣಲು ಕೂರುತ್ತಾಳೆ. ಹೆರಿಗೆಯಾದ ಮೇಲೆ ಮತ್ತೆ ಬಸುರಿಯಾಗಲು ಕನಿಷ್ಠ 24 ತಿಂಗಳು ಬಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಿದೆ. ಅಷ್ಟೂ ತಿಂಗಳು ಅವಳಿಗೆ ಸೊಪ್ಪು, ಹಾಲು, ಬೇಳೆ ತಪ್ಪದೆ ಸಿಗಬೇಕು, ಮತ್ತು ಕೂಸಿನ ಲಸಿಕೆಗೆ ಹೋದಾಗ ಅವಳ ತೂಕವನ್ನೂ ನೋಡಲು ನರ್ಸಮ್ಮನವರಿಗೆ ಹೇಳಬೇಕು.