ಪೇಪರ್ ಓದ್ತಾರ, ಚೌಕಟ್ಟಿಗೆ ಹಾಯ್ತಾರ

ಹೋದ ವರ್ಷ ಬ್ಯಾಸಿಗ್ಯಾಗ ನನ್ನ ಕಣ್ಣಿನ ದವಾಖಾನಿಗೆ ಆಳಂದ ಕಡೆಯಿಂದ ಒಬ್ಬ ರಿಟೈರ್ಡ್ ಮಾಸ್ತರು ಬಂದಿದ್ರು, ಜೊತಿಗೆ ಸೊಸಿ. ಮಾಸ್ತರು ಬಾಯಿ ತೆರಿಯೋದ್ರೊಳಗ ಸೊಸಿನೇ ಶುರು ಮಾಡಿದ್ಳು. "ಸರ್, ನಮ್ ಮಾವಾರು ಮುಂಜಾನೆ ಪೇಪರ್ ಪೂರಾ ಓದ್ತಾರ್ರಿ, ಸಣ್ಣ ಅಕ್ಷರನೂ ಬಿಡಂಗಿಲ್ಲ, ಆದ್ರ ಬಾಜೂಕ ಇಟ್ಟ ಚಾ ಕಪ್ ಒದ್ದು ಚೆಲ್ತಾರ, ಬಾಗಿಲ ಚೌಕಟ್ಟಿಗೆ ಹಾಯ್ತಾರ, ಮನ್ಯಾಗ ಎಲ್ಲಾರೂ ಇವ್ರು ಬೇಕಂತಲೇ ಮಾಡ್ತಾರ ಅನ್ಲಿಕತ್ತಾರ." ಮಾಸ್ತರು ತಲಿ ಕೆಳಗ ಹಾಕ್ಕೊಂಡು ಕುಂತಿದ್ರು. ಬೋರ್ಡ್ ಓದಿಸಿದ್ರ 6/9 ತನಕ ಸರಾಗ ಓದಿದ್ರು, ಅಂದ್ರ ಲೆಕ್ಕಕ್ಕ ಚಲೋ ದೃಷ್ಟಿನೇ. ಆಮ್ಯಾಲ ನೋಟದ ಅಗಲ ಅಳಿಯೋ ಫೀಲ್ಡ್ ಟೆಸ್ಟ್ ಮಾಡಿಸ್ದೆ, ಅದೇ ಡಬ್ಬಿಯೊಳಗ ಮುಖ ಇಟ್ಟು ಲೈಟ್ ಮಿಂಚಿದಾಗ ಬಟನ್ ಒತ್ತೋದು, ಎಲ್ಲಾ ಪೇಷಂಟ್‌ಗಳೂ ಬಯ್ಕೊಂಡು ಮಾಡೋ ಟೆಸ್ಟು. ಎರಡೂ ಕಣ್ಣಾಗ ನಡುವಿನ 10 ಡಿಗ್ರಿಯೂ ಪೂರಾ ಉಳಿದಿರಲಿಲ್ಲ. ನಮಗ ನಿಮಗ ಎರಡೂ ಕಣ್ಣು ಸೇರಿ ಅಡ್ಡಕ್ಕ ಸುಮಾರು 180 ಡಿಗ್ರಿ ಕಾಣ್ತದ.

ಸೊಸಿನ್ನ ಎದುರಿಗೆ ಕೂಡ್ರಿಸಿ, ಎರಡೂ ಮುಷ್ಟಿ ಸಣ್ಣ ನಳಿಗಿ ಹಂಗ ಮಾಡಿ ಕಣ್ಣಿಗೆ ಹಚ್ಕೋ, ಈಗ ಎದ್ದು ಬಾಗಿಲ ತನಕ ಹೋಗು ಅಂದೆ. ಎರಡು ಹೆಜ್ಜಿಗೆ ಸ್ಟೂಲ್‌ಗೆ ಹಾಯ್ದ್ಳು. ಮೊಬೈಲ್ ಕೈಯಾಗ ಕೊಟ್ಟು ಓದು ಅಂದೆ, ಓದಿದ್ಳು. ಮುಂದ ನಾ ಹೆಚ್ಚಿಗಿ ಏನೂ ಹೇಳೋದು ಬೀಳಲಿಲ್ಲ, ಆಕಿ ಕಣ್ಣಾಗ ನೀರು ಬಂದಿತ್ತು.

ಗ್ಲಾಕೋಮಾ ಅಂದ್ರ ಇದು. ನಮ್ಮ ಕಡೆ ಕಾಚಬಿಂದು ಅಂತಾರ, ಕಾಲಾ ಮೋತಿಯಾ ಅಂತಾರ, ಹೆಸರು ಕೇಳಿ ಮೋತಿಬಿಂದು (ಕಣ್ಣಿನ ಪೊರಿ) ಹಂಗೇ ಆಪರೇಷನ್ ಮಾಡಿಸಿದ್ರ ದೃಷ್ಟಿ ಬರ್ತದ ಅನ್ಕೋತಾರ, ಬರಂಗಿಲ್ಲ. ಮೋತಿಬಿಂದು ಲೆನ್ಸಿನ ರೋಗ, ಲೆನ್ಸ್ ಬದಲಿ ಮಾಡಬಹುದು. ಇದು ಕಣ್ಣಿಂದ ಮೆದುಳಿಗೆ ಹೋಗೋ ನರದ ರೋಗ, ಆ ನರದಾಗ ಸುಮಾರು 10-12 ಲಕ್ಷ ಎಳಿ ಇರ್ತಾವ, ಹೋದ ಎಳಿ ಹೋದಂಗೇ. ಡ್ರಾಪ್ಸ್, ಲೇಸರ್, ಆಪರೇಷನ್ ಎಲ್ಲಾ ಉಳಿದದ್ದು ಉಳಿಸ್ಕೊಳ್ಳಾಕ. ಕಣ್ಣೊಳಗಿನ ನೀರಿನ ಒತ್ತಡ, ಅಂದ್ರ ಪ್ರೆಷರ್, ಏರಿದ್ರ ಈ ನರ ಹೋಗ್ತದ, ಅದು ಪಾದರಸದ ಲೆಕ್ಕದಾಗ 10ರಿಂದ 21 ಮಿಲಿಮೀಟರ್ ನಾರ್ಮಲ್ ಅಂತೀವಿ, ಆದ್ರ ಪ್ರೆಷರ್ ನಾರ್ಮಲ್ ಇದ್ದೂ ನರ ಹೋಗೋರು ಇರ್ತಾರ, ಹಂಗಾಗಿ ಖಾಲಿ ಪ್ರೆಷರ್ ನೋಡಿ ಏನಿಲ್ಲ ಹೋಗ್ರಿ ಅನ್ನಾಕ ಬರಂಗಿಲ್ಲ. ಇನ್ನೊಂದು, ಬಾಜೂಕ ಕಪ್ಪಗ ಕಾಣ್ತದ ಅನ್ಕೋಬ್ಯಾಡ್ರಿ. ಕಾಣದ ಜಾಗ ಮೆದುಳು ತಾನೇ ತುಂಬಿಸ್ಕೊಂಡು ಬಿಡ್ತದ, ಖಾಲಿ ಅದ ಅಂತ ಗೊತ್ತೇ ಆಗಂಗಿಲ್ಲ, ಇಲ್ಲದ ಕಡೆಯಿಂದ ಏಕದಂ ಎಮ್ಮಿ ಬಂತು, ಬೈಕ್ ಬಂತು ಅಂತಾರ. ಮಾಸ್ತರಿಗೂ ತಮಗೆ ಕಾಣಂಗಿಲ್ಲ ಅನ್ನೋದು ಗೊತ್ತಿರಲಿಲ್ಲ, ವಯಸ್ಸಾತು, ಮೈಮ್ಯಾಲ ಖಬರಿಲ್ಲ ಅಂತ ತಮಗ ತಾವೇ ಬಯ್ಕೋತಿದ್ರಂತ.

ಖರೆ ಹೇಳಬೇಕಂದ್ರ ಪ್ರಾಕ್ಟೀಸ್ ಶುರುವಿನ ದಿನದಾಗ ನಾನೂ "ಹೋದದ್ದು ಬರಂಗಿಲ್ಲ, ಡ್ರಾಪ್ಸ್ ತಪ್ಪಿಸಬ್ಯಾಡ್ರಿ" ಅಂತ ಎರಡು ಮಾತು ಹೇಳಿ ಮುಂದಿನ ಪೇಷಂಟ್ ಕರೀತಿದ್ದೆ. ಓಪಿಡಿಯಾಗ ಟೈಮ್ ಇಲ್ಲ ಅನ್ನೋದು ನೆಪ, ಮುಂದ ಏನು ಹೇಳಬೇಕು ಅನ್ನೋದು ನನಗೇ ಗೊತ್ತಿರಲಿಲ್ಲ. ಅವರು ಆ ಕಣ್ಣು ತಗೊಂಡು ಯಾವ ಮನಿಗೆ ಹೋಗ್ತಾರ, ಆ ಮನಿ ಮೆಟ್ಲು ಹ್ಯಾಂಗದಾವ ಅಂತ ಕೇಳೋದು ಕಲಿಯಾಕ ಬಾಳ ವರ್ಷ ಹಿಡೀತು.

ಮೆಟ್ಲಿಂದನೇ ಹೇಳ್ತೀನಿ. ನಮ್ಮ ಕಲಬುರಗಿ ಕಡೆ ಮನಿ ಅಂದ್ರ ಶಹಾಬಾದ್ ಫರ್ಸಿ. ನೆಲಕ್ಕೂ ಅದೇ, ಮೆಟ್ಲಿಗೂ ಅದೇ, ಕಟ್ಟಿಗೂ ಅದೇ, ಎಲ್ಲಾ ಒಂದೇ ಬೂದಿ ಬಣ್ಣ. ಗ್ಲಾಕೋಮಾದಾಗ ಬಾಜೂಕಿನ ನೋಟ ಅಷ್ಟೇ ಅಲ್ಲ, ಒಂದೇ ಥರದ ಎರಡು ಬಣ್ಣದ ನಡುವ ಫರಕ್ ಹಿಡಿಯೋ ಶಕ್ತಿನೂ ಕಡಿಮಿ ಆಗ್ತದ, ಅದ್ರಾಗ ಕೆಳಗಿನ ನೋಟ ಹೋದವರಿಗೆ ಮೂರು ಮೆಟ್ಲು ಅಂದ್ರ ಒಂದು ಸಪಾಟ್ ನೆಲ ಕಂಡಂಗ. ಪ್ರತಿ ಮೆಟ್ಲಿನ ಅಂಚಿಗೆ ಎರಡು ಬೆರಳಗಲ ಹಳದಿ ಆಯಿಲ್ ಪೇಂಟ್ ಹಚ್ಚಿಸ್ರಿ. ಮನಿ ಅಂದ ಕೆಡ್ತದ ಅಂತಾರ ಒಬ್ಬೊಬ್ಬರು, ಚಪ್ಪಿ ಮುರಿದ ಮುತ್ಯಾನ್ನ ಹಾಸಿಗ್ಯಾಗ ಮಲಗಿಸೋದ್ರಕಿಂತ ಅಂದ ಕೆಡೋದು ಚಲೋ ಅಂತ ಮುಖಕ್ಕೇ ಹೇಳ್ತೀನಿ. ಮ್ಯಾಲಿನ ನೋಟ ಹೋದವರಿಗೆ ತಕರಾರು ಬ್ಯಾರೆ, ಹಳೇ ಕಲ್ಲಿನ ಮನಿ ಗಿಡ್ಡ ಬಾಗಿಲು ಹಣಿಗೆ ಬಡೀತದ, ಬಟ್ಟಿ ಒಣಗಿಸೋ ತಂತಿ ಕುತಿಗಿಗೆ ಸಿಗ್ತದ. ಬಾಗಿಲ ಮ್ಯಾಲಿನ ಪಟ್ಟಿಗೆ ಒಂದು ಬಿಳಿ ಬಟ್ಟಿ ಇಳಿಬಿಡ್ರಿ, ತಂತಿ ಆಳಿನಕಿಂತ ಎತ್ತರಕ್ಕ ಕಟ್ರಿ. ಅರ್ಧ ತೆರೆದ ಬಾಗಿಲು ಬಾಳ ಕೆಟ್ಟದ್ದು, ಒಂದೋ ಪೂರಾ ತೆರೀರಿ, ಇಲ್ಲಾ ಪೂರಾ ಹಾಕ್ರಿ. ಇನ್ನ ಮನ್ಯಾಗಿನ ಸಾಮಾನು ಹೇಳದೆ ಕೇಳದೆ ಸರಿಸಬ್ಯಾಡ್ರಿ, ಅವರು ಮನಿ ನಕ್ಷಾ ಬಾಯಿಪಾಠ ಮಾಡ್ಕೊಂಡು ಓಡಾಡ್ತಿರ್ತಾರ, ನೀವು ದೀಪಾವಳಿ ಸ್ವಚ್ಛ ಮಾಡೋವಾಗ ಮಂಚ ತಿರುಗಿಸಿದ್ರ ಆ ನಕ್ಷಾನೇ ತಪ್ಪಾಯ್ತು.

ಊಟದ್ದು ನಾ ಮೊದ್ಲ ಹಗುರಾಗಿ ತಗೊಂಡಿದ್ದೆ, ಈಗ ಪ್ರತಿಯೊಬ್ಬರಿಗೂ ಕೇಳ್ತೀನಿ. ಸ್ಟೀಲ್ ತಾಟಿನಾಗ ಜ್ವಾಳದ ರೊಟ್ಟಿ, ಬಿಳಿ ಅನ್ನ, ಮಜ್ಜಿಗಿ, ಮ್ಯಾಲ ಟ್ಯೂಬ್‌ಲೈಟ್ ಹೊಳಪು, ಯಾವುದೂ ಎದ್ದು ಕಾಣಂಗಿಲ್ಲ. ಗಾಢ ಬಣ್ಣದ ತಾಟು ತರ್ರಿ, ಹಸಿರೋ ನೀಲಿಯೋ, ಅನ್ನದ ಮ್ಯಾಲ ಬ್ಯಾಳಿ ಹಾಕಿದ್ರ ಅದೇ ಗುರುತಾಗ್ತದ, ನಮ್ಮ ಊರಾಗ ತೊಗರಿಬ್ಯಾಳಿಗೆ ಬರ ಇಲ್ಲ. ಚಾ ಬಿಳಿ ಕಪ್‌ನಾಗ, ಹಾಲು ಕಪ್ಪು ಕಪ್‌ನಾಗ.

ಬೆಳಕಿಂದು ಉಲ್ಟಾ ಪುಲ್ಟಾ ವಿಷಯ. ಓದಾಕ ಬೆಳಕು ಹೆಚ್ಚು ಬೇಕು, ಆದ್ರ ಬಯಲಾಗಿನ ಬಿಸಿಲು ಕಣ್ಣಿಗೆ ಕುಕ್ತದ. ಮೇ ತಿಂಗಳ 42 ಡಿಗ್ರಿ ಬಿಸಿಲಿಂದ ದಪ್ಪ ಗ್ವಾಡಿ ಕತ್ತಲಿ ಮನಿಯೊಳಗ ಕಾಲಿಟ್ರ ನಮಗೂ ಎರಡು ಕ್ಷಣ ಏನೂ ಕಾಣಂಗಿಲ್ಲ, ಇವರಿಗೆ ಅದು ನಿಮಿಷಗಟ್ಟಲೆ. ಹೊಸ್ತಿಲದಾಗ ನಿಂದ್ರಿ, ಕಣ್ಣು ಹೊಂದ್ಕೊಂಡ ಮ್ಯಾಲ ಒಳಗ ಹೋಗ್ರಿ, ಹಿಂದಿನವರು ಅವಸರ ಮಾಡಬ್ಯಾಡ್ರಿ. ಹೊರಗ ಹೋಗುವಾಗ ಮುಂದ ಅಂಚಿರೋ ಟೊಪಿಗಿ, ಹಳದಿ ಇಲ್ಲಾ ಕಂದು ಗ್ಲಾಸಿನ ಚಷ್ಮಾ. ಪೂರಾ ಕರೀ ಚಷ್ಮಾ ಇದ್ದಬದ್ದ ಬೆಳಕನ್ನೂ ತಿಂದು ಬಿಡ್ತದ.

ಹಾಂ, ಚಷ್ಮಾ ಅಂದ ಮ್ಯಾಲ ಹೇಳಲೇಬೇಕು, ದಪ್ಪ ಭೂತಗನ್ನಡಿ ಕೇಳ್ಕೊಂಡು ಬರೋರು ಬಾಳ. ನೋಟ ಸಣ್ಣ ಕಿಂಡಿ ಆದವರಿಗೆ ಅಕ್ಷರ ದೊಡ್ಡದು ಮಾಡಿದಷ್ಟು ಆ ಕಿಂಡಿಯೊಳಗ ಕಡಿಮಿ ಅಕ್ಷರ ಹಿಡೀತಾವ, ಒಂದು ಶಬ್ದ ಪೂರಾ ಕಾಣಂಗಿಲ್ಲ. ಅಂಥವರಿಗೆ ದೊಡ್ಡ ಅಕ್ಷರಕ್ಕಿಂತ ಬಾಜೂಕ ಟೇಬಲ್ ಲ್ಯಾಂಪ್, ಮೊಬೈಲ್‌ನಾಗ ಕರೀ ಹಿನ್ನೆಲಿ ಮ್ಯಾಲ ಬಿಳಿ ಅಕ್ಷರ, ಸಾಲು ತಪ್ಪದಂಗ ಕೆಳಗ ಒಂದು ಕರೀ ರಟ್ಟಿನ ಪಟ್ಟಿ ಕೆಲಸ ಕೊಡ್ತಾವ. ಅದೂ ಆಗದವರಿಗೆ ಆಂಡ್ರಾಯ್ಡ್ ಫೋನಿನಾಗ ಟಾಕ್‌ಬ್ಯಾಕ್ ಅದ, ಪುಕ್ಕಟೆ, ಸ್ಕ್ರೀನ್ ಮ್ಯಾಲ ಇದ್ದದ್ದು ಕನ್ನಡದಾಗೇ ಓದಿ ಹೇಳ್ತದ. ಮನ್ಯಾಗಿನ ಹುಡುಗುರು ಒಂದು ವಾರ ತಾಳ್ಮಿಯಿಂದ ಕಲಿಸಬೇಕು, ಅದೇ ಸಿಗೋದಿಲ್ಲ ಬಿಡ್ರಿ.

ಗಂಜ್‌ನಾಗ ವ್ಯಾಪಾರ ಮಾಡೋ ಒಬ್ಬರು ನೋಟು ಅದಲುಬದಲಾಗಿ ಮೋಸ ಹೋದೆ ಅಂತ ಬಂದಿದ್ರು, ಸಂಜಿ ಬೆಳಕಿನಾಗ ನೂರರದು ಅಂತ ಐನೂರರದು ಕೊಟ್ಟಾರ. ಹೊಸಾ ನೋಟಿನ ಉದ್ದ 100ಕ್ಕ 142 ಮಿಲಿಮೀಟರ್, 200ಕ್ಕ 146, 500ಕ್ಕ 150, ಬೆರಳಿನಾಗ ಅಷ್ಟು ಸಣ್ಣ ಫರಕ್ ಹಿಡಿಯೋದು ಕಷ್ಟ. ಅಂಚಿಗೆ ಉಬ್ಬಿದ ಗೆರಿ ಇರ್ತಾವ, ನೂರಕ್ಕ ನಾಕು, ಐನೂರಕ್ಕ ಐದು, ಹೊಸಾ ನೋಟಿನಾಗ ಸಿಗ್ತಾವ, ಸವೆದದ್ದರಾಗ ಸಿಗಂಗಿಲ್ಲ. ರಿಸರ್ವ್ ಬ್ಯಾಂಕ್ 2020ರಾಗ ಮಣಿ ಅಂತ ಒಂದು ಆಪ್ ಬಿಟ್ಟದ, ಕ್ಯಾಮೆರಾ ಮುಂದ ನೋಟು ಹಿಡಿದ್ರ ಎಷ್ಟರದು ಅಂತ ಹೇಳ್ತದ, ನೆಟ್ ಇಲ್ಲದಿದ್ರೂ ನಡೀತದ. ಆದ್ರ ಅವರು ಕಡೀಕ ಮಾಡ್ಕೊಂಡದ್ದು ಇನ್ನೂ ಸರಳ, 500 ಉದ್ದಕ್ಕ ಮಡಚೋದು, 200 ಅಡ್ಡಕ್ಕ, 100 ಹಂಗೇ ಬಿಡೋದು.

ಈಗ ಒಂದು ವಿಷಯ, ಇದನ್ನ ಪೇಷಂಟ್‌ಗಳು ತಾವಾಗಿ ಎಂದೂ ಹೇಳಂಗಿಲ್ಲ, ನಾನೇ ಕೇಳಬೇಕು. ಯಾದಗಿರಿ ಕಡಿಯ ಒಬ್ಬ ಆಯಿ, ಎರಡೂ ಕಣ್ಣು ಬಾಳ ಹೋಗ್ಯಾವ, ಸಂಜಿ ಆದ್ರ ಅಂಗಳದಾಗ ಬಣ್ಣದ ಅಂಗಿ ಹಾಕ್ಕೊಂಡ ಸಣ್ಣ ಹುಡುಗುರು ಕಾಣ್ತಿದ್ರಂತ. ಮಾತಾಡಂಗಿಲ್ಲ, ಸುಮ್ನ ನಿಂತಿರ್ತಾರ. ಮನ್ಯಾಗ ಗಾಳಿ ಸೋಕ್ಯದ ಅಂತ ತಾಯತ ಕಟ್ಟಿಸಿದ್ರು, ಆಯಿಗೆ ತಲಿ ಕೆಟ್ಟದೇನೋ ಅಂತ ಅಂಜಿಕಿ. ಇದಕ್ಕ ಹೆಸರದ, ಚಾರ್ಲ್ಸ್ ಬೊನೆ ಸಿಂಡ್ರೋಮ್. 1760ರಾಗ ಬೊನೆ ಅನ್ನೋ ಸ್ವಿಸ್ ವಿಜ್ಞಾನಿ ತನ್ನ ಮುತ್ಯಾಗ ಹಿಂಗಾಗಿದ್ದು ಬರೆದಿಟ್ಟಾನ. ಕಣ್ಣಿಂದ ಚಿತ್ರ ಬರೋದು ನಿಂತಾಗ ಮೆದುಳು ತಾನೇ ಚಿತ್ರ ಮಾಡ್ಕೋತದ, ಹುಚ್ಚೂ ಅಲ್ಲ, ಗಾಳಿನೂ ಅಲ್ಲ. ಕಣ್ಣು ಜೋರಾಗಿ ಮಿಟುಕಿಸಿದ್ರ, ಲೈಟ್ ಹಚ್ಚಿದ್ರ ಬಾಳ ಸಲ ಮಾಯ ಆಗ್ತಾವ. ಧ್ವನಿನೂ ಕೇಳ್ತದ, ಅವರು ಖರೇನೇ ಅದಾರ ಅನ್ನಿಸ್ತದ ಅಂದ್ರ ಮಾತ್ರ ಬ್ಯಾರೆ ಡಾಕ್ಟರ್ ನೋಡಬೇಕು. ಆಯಿಗೆ ತಿಳಿಸಿ ಹೇಳಿದ ಮ್ಯಾಲ "ಹಂಗಾದ್ರ ಇರಲಿ ಬಿಡಪ್ಪ, ಮನ್ಯಾಗ ಮಾತಾಡೋರು ಹೆಂಗೂ ಯಾರಿಲ್ಲ" ಅಂದ್ಳು. ಅದಕ್ಕ ನನ್ನ ಹತ್ರ ಔಷಧಿ ಇರಲಿಲ್ಲ.

ಡ್ರಾಪ್ಸ್ ವಿಷಯಕ್ಕ ಬರ್ತೀನಿ, ಯಾಕಂದ್ರ ಉಳಿದ ನೋಟ ನಿಂತದ್ದೇ ಅದ್ರ ಮ್ಯಾಲ. ಒಂದೇ ಹನಿ ಸಾಕು, ಹಾಕಿ ಕಣ್ಣು ಮುಚ್ಚಿ ಮೂಗಿನ ಕಡಿ ಮೂಲಿ ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡೀರಿ, ಇಲ್ಲಾಂದ್ರ ಔಷಧಿ ಮೂಗಿನಾಗ ಇಳಿದು ಮೈಯಾಗ ಸೇರ್ತದ. ಎರಡು ಥರ ಡ್ರಾಪ್ಸ್ ಇದ್ರ ನಡುವ 5 ನಿಮಿಷ ಬಿಡ್ರಿ. ಟಿಮೊಲಾಲ್ ಇದ್ರ, ದಮ್ಮು ಇದ್ದವರು ಡಾಕ್ಟರ್‌ಗೆ ಮೊದ್ಲೇ ಹೇಳ್ರಿ, ಕಣ್ಣಿನ ಹನಿಗೂ ಎದಿಗೂ ಏನ್ ಸಂಬಂಧ ಅನ್ಬ್ಯಾಡ್ರಿ, ಅದ. ರಾತ್ರಿ ಬಾಟ್ಲಿ ಯಾವುದು ಅಂತ ಗೊತ್ತಾಗದಿದ್ರ ಅದಕ್ಕೊಂದು ರಬ್ಬರ್ ಬ್ಯಾಂಡ್ ಸುತ್ರಿ. ಇನ್ನ ನಮ್ಮ ಸೆಕೆ. ಲಟಾನೊಪ್ರೋಸ್ಟ್ ಥರದ ಕೆಲವು ಬಾಟ್ಲಿ ತೆರಿಯೋತನಕ ಫ್ರಿಜ್‌ನಾಗ ಇರಬೇಕು, ಡಬ್ಬಿ ಮ್ಯಾಲ ಬರೆದಿರ್ತದ, ಕೇಳಿ ಓದಿಸ್ಕೋರಿ. ಪತ್ರಾಸ್ ಮನಿ ಗ್ವಾಡಿ ಗೂಡಿನಾಗ ಇಟ್ರ ಔಷಧಿ ದಮ್ ಕಳ್ಕೋತದ. ಫ್ರಿಜ್ ಇಲ್ಲದವರಿಗೆ ತೆರೆದ ಬಾಟ್ಲಿ ಒಂದು ಡಬ್ಬಿಯಾಗ ಹಾಕಿ ನೀರಿನ ಗಡಿಗಿ ಬಾಜೂ ನೆರಳಿಗೆ ಇಡಾಕ ಹೇಳ್ತೀನಿ. ರೋಜಾ ಇರೋರು ದಿನಕ್ಕ ಎರಡು ಸಲದ ಡ್ರಾಪ್ಸ್ ಒಂದು ಸೆಹ್ರಿ ಹೊತ್ತಿಗೆ, ಒಂದು ಇಫ್ತಾರ್ ಆದ ಮ್ಯಾಲ ಹಾಕ್ಕೊಂಡ್ರ ಲೆಕ್ಕ ಸರಿ ಹೊಂದ್ತದ, ತಿಂಗಳಗಟ್ಟಲೆ ಬಿಡೋದು ಮಾತ್ರ ಬ್ಯಾಡ. ಯೋಗ ಮಾಡೋರು ಶೀರ್ಷಾಸನ ಬಿಡ್ರಿ, ಪ್ರೆಷರ್ ಏಕದಂ ಏರ್ತದ. ಮತ್ತ ಕಣ್ಣು ತುರಿಕಿ ಅಂತ ಮೆಡಿಕಲ್‌ನಾಗ ಕೇಳಿ ಸ್ಟೀರಾಯ್ಡ್ ಡ್ರಾಪ್ಸ್ ತಂದು ಹುಡುಗುರಿಗೆ ತಿಂಗಳಗಟ್ಟಲೆ ಹಾಕ್ತಾರಲ್ಲ, ಅದರಿಂದಲೇ ಗ್ಲಾಕೋಮಾ ಆಗಿ ಬಂದ ಇಪ್ಪತ್ತರ ಹುಡುಗನ್ನ ನೋಡೀನಿ, ಸಿಟ್ಟು ಬರ್ತದ.

ಬೈಕ್. ಬಿಡ್ರಿ ಅಂದ್ರ ಗಂಡಸರು ಕೇಳಂಗಿಲ್ಲ, ನನಗ ಮುಂದಿಂದು ಕಾಣ್ತದಲ್ರಿ ಅಂತಾರ. ಗಲ್ಲಿಯಿಂದ ಬರೋ ಹುಡುಗ ಮುಂದಿಂದ ಬರಂಗಿಲ್ಲ.

ಸರ್ಟಿಫಿಕೇಟ್ ಮಾತು ಬಾಳ ಮಂದಿಗೆ ಗೊತ್ತಿಲ್ಲ. 2016ರ ಅಂಗವಿಕಲರ ಕಾಯ್ದೆಯಾಗ ಬೋರ್ಡ್ ಓದೋ ದೃಷ್ಟಿ ಒಂದೇ ಲೆಕ್ಕ ಅಲ್ಲ, ನೋಟದ ಅಗಲನೂ ಲೆಕ್ಕ. 40 ಡಿಗ್ರಿಗಿಂತ ಕಡಿಮಿ, 10ರ ತನಕ ಇದ್ರ ಕಡಿಮೆ ದೃಷ್ಟಿ, 10ಕ್ಕಿಂತ ಕಡಿಮಿ ಇದ್ರ ಅಂಧತ್ವ. ಪೇಪರ್ ಓದೋ ಮಾಸ್ತರು ಕಾಯ್ದೆ ಪ್ರಕಾರ ಅಂಧರು! ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಆನ್‌ಲೈನ್ ಅರ್ಜಿ ಹಾಕಿ ಮೆಡಿಕಲ್ ಬೋರ್ಡಿನ ಡಾಕ್ಟರ್‌ಗಳ ಮುಂದ ಹೋಗುವಾಗ ಫೀಲ್ಡ್ ಟೆಸ್ಟ್ ರಿಪೋರ್ಟ್ ಕೈಯಾಗ ಇರಲಿ, ಇಲ್ಲಾಂದ್ರ 6/9 ನೋಡಿ ವಾಪಸ್ ಕಳಸ್ತಾರ. ಮಾಸ್ತರಿಗೂ ಮೊದಲ ಸಲ ಹಂಗೇ ಆಯ್ತು.

ಬಿಳಿ ಕೋಲು ಕೊಟ್ಟಾಗ ಮುಟ್ಟಲಿಲ್ಲ ಅವರು. ಊರಾಗ ನನ್ನ ಹತ್ರ ಕಲಿತವರೇ ಎಲ್ಲಾ ಅದಾರ, ಏನಂತಾರ ಅಂದ್ರು. ನಾ ಒತ್ತಾಯ ಮಾಡಲಿಲ್ಲ, ಹೆಜ್ಜಿ ಇಡೋಕಿಂತ ಮೊದ್ಲ ತಲಿ ಎಡಕ್ಕ ಬಲಕ್ಕ ತಿರುಗಿಸಿ ನೆಲ ಗುಡಿಸಿದಂಗ ನೋಡೋದು ಕಲಿಸ್ದೆ. ಮೊಮ್ಮಗನಿಗೆ, ಮುತ್ಯಾನ ಕೈ ಹಿಡಿದು ಎಳೀಬ್ಯಾಡ, ನಿನ್ನ ಮೊಳಕೈ ಅವರು ಹಿಡೀಲಿ, ನೀ ಅರ್ಧ ಹೆಜ್ಜಿ ಮುಂದ ನಡಿ ಅಂದೆ.

ಈ ವರ್ಷ ಹೋಳಿ ಆದ ಮ್ಯಾಲ ಶರಣಬಸಪ್ಪನ ತೇರಿಗೆ ಹೋಗಿದ್ರಂತ ಮಾಸ್ತರು, ಮೊಮ್ಮಗನ ಮೊಳಕೈ ಹಿಡ್ಕೊಂಡು, ಇನ್ನೊಂದು ಕೈಯಾಗ ಅದೇ ಕೋಲು. ಗದ್ದಲದಾಗ ಮಂದಿ ಕೋಲು ನೋಡಿ ದಾರಿ ಬಿಡ್ತಾರ ಸಾಹೇಬ್ರ, ಅದೊಂದು ಫಾಯದೆ ಅದ ಅಂದ್ರು. ತೇರಿಗೆ ಒಗೆದ ಉತ್ತತ್ತಿ ಬರೋದು ಕಾಣಲಿಲ್ಲ, ತಲಿಗೆ ಬಡದ ಮ್ಯಾಲೇ ಗೊತ್ತಾಯ್ತು ಅಂತ ನಕ್ರು. ಈ ಸಲ ಜೊತಿಗೆ ತಮ್ಮನ್ನ ಕರ್ಕೊಂಡು ಬಂದಿದ್ರು, ಯಾಕಂದ್ರ ಒಡಹುಟ್ಟಿದವರನ್ನ ತೋರಿಸ್ರಿ ಅಂತ ನಾ ಮೂರು ಸಲ ಹೇಳಿದ್ದೆ. ತಮ್ಮಗ ಏನೂ ತ್ರಾಸಿಲ್ಲ, ಪ್ರೆಷರ್ 26, ನರದಾಗ ಆಗ್ಲೇ ಗುಣಿ ಬಿದ್ದದ, ನೋಟ ಇನ್ನೂ ಬಾಳ ಉಳದದ. ಡ್ರಾಪ್ಸ್ ಬರೆದುಕೊಟ್ಟೆ. ಬಾಟ್ಲಿ ಹಿಡಿಯೋದು ಹ್ಯಾಂಗ ಅಂತ ನಾ ಹೇಳಾಕ ಹೋದ್ರ ಮಾಸ್ತರು ನಡುವ ಬಾಯಿ ಹಾಕಿ, "ನೀವು ಮುಂದಿನವರನ್ನ ನೋಡ್ರಿ, ನಾ ಹೇಳಿಕೊಡ್ತೀನಿ" ಅಂತ ತಮ್ಮನ್ನ ಹೊರಗ ಬೆಂಚಿಗೆ ಕರ್ಕೊಂಡು ಹೋದ್ರು. ಬಾಗಿಲಾಚೆಯಿಂದ ಕೇಳ್ತಿತ್ತು, ಒಂದೇ ಹನಿ, ಮೂಲಿ ಒತ್ತು, ಇನ್ನೊಮ್ಮೆ ಮಾಡಿ ತೋರ್ಸು.